ಹತ್ತನೇ ತರಗತಿಯ ಹುಡುಗನಿಗೆ ಆರು ಕೋರ್ ಸಾಕು

ಆ ಅಂಗಡಿಯವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವನು ಮೋಸ ಮಾಡಲಿಲ್ಲ, ಕೆಟ್ಟ ಮಾಲೂ ಕೊಡಲಿಲ್ಲ. ನನಗೆ ಬುದ್ಧಿ ಹೇಳಿದ. ಮೋಸವನ್ನಾದರೂ ಮರೆಯಬಹುದಿತ್ತು.

ನಾನು ಧಾರವಾಡದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ವಯಸ್ಸು ನಲವತ್ತೇಳು. ಸಂಜೆ ಯಜಮಾನರು ಒಳಕೋಣೆಯಲ್ಲಿ ತಂಬೂರಿ ಶ್ರುತಿ ಮಾಡುತ್ತ ಕೂತರೆ ನಾನು ಕಂಪ್ಯೂಟರಿನಲ್ಲಿ ಊರು ಕಟ್ಟುತ್ತೇನೆ. ಅದೊಂದು ಆಟ. ರಸ್ತೆ, ನೀರು, ಬಸ್ಸು ಎಲ್ಲ ನಾವೇ ಹಾಕಬೇಕು. ಜನ ಹೆಚ್ಚಾದಷ್ಟೂ ಲೆಕ್ಕ ಹೆಚ್ಚು, ಆ ಲೆಕ್ಕವನ್ನೆಲ್ಲ ಮಾಡುವುದು ಪ್ರೊಸೆಸರ್. ನನ್ನ ಊರಿನ ಜನ ಲಕ್ಷ ದಾಟಿದ ದಿನ ಹಳೆಯ ಕಂಪ್ಯೂಟರ್ ಕೈಚೆಲ್ಲಿತು. ಬಸ್ಸುಗಳು ನಡುರಸ್ತೆಯಲ್ಲೇ ನಿಂತವು.

ಹೊಸದನ್ನು ನಾನೇ ಜೋಡಿಸಲು ಕೂತೆ. ಡಬ್ಬಿ, ಬೋರ್ಡು, ಗ್ರಾಫಿಕ್ಸ್ ಕಾರ್ಡು ಬಂದವು. ಪ್ರೊಸೆಸರನ್ನು ಮಾತ್ರ ಮೂರು ತಿಂಗಳು ವರ ನೋಡಿದ ಹಾಗೆ ನೋಡಿದೆ. ಕೊನೆಗೆ ಎಂಟು ಕೋರಿನದೊಂದು ನಿಶ್ಚಯವಾಯಿತು. ಎಂಟು ಕೋರ್ ಎಂದರೆ ಒಳಗೆ ಲೆಕ್ಕ ಮಾಡಲು ಎಂಟು ತಲೆ. ಅದರ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು, ಶನಿವಾರ ಮುಂಜಾನೆಯ ಶಾಲೆ ಮುಗಿಸಿ, ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಯ ದೇಶಪಾಂಡೆ ನಗರಕ್ಕೆ ಹೋದೆ.

ಅಂಗಡಿಯವನು ನನಗಿಂತ ಹದಿನೈದು ವರ್ಷವಾದರೂ ಚಿಕ್ಕವನು. ಚೀಟಿ ನೋಡಿ, ನನ್ನನ್ನು ನೋಡಿ, ಕೇಳಿದ: "ಮಗಗೇನ್ರಿ, ಅಕ್ಕಾರ?"

ನನಗೆ ಮಕ್ಕಳಿಲ್ಲ. ಮದುವೆ ಮುಂಜಿಗಳಲ್ಲಿ ಇಪ್ಪತ್ತು ವರ್ಷ ಈ ಪ್ರಶ್ನೆಗೆ ಇಲ್ಲವೆಂದು ಹೇಳಿ, ಎದುರಿನ ಮುಖ 'ಅಯ್ಯೋ ಪಾಪ' ಆಗುವುದನ್ನು ಕಂಡು ಬೇಸತ್ತವಳು. ಕೌಂಟರಿನಲ್ಲಿ ಇನ್ನಿಬ್ಬರು ನಿಂತಿದ್ದರು. "ಹ್ಞೂಂ" ಅಂದುಬಿಟ್ಟೆ.

"ಎಷ್ಟನೇ ಕ್ಲಾಸ್‌ರಿ?"

"ಹತ್ತನೇದು."

ಸುಳ್ಳಿಗೂ ಬಾಯಿಗೆ ಬಂದದ್ದು ನಾನು ಪಾಠ ಮಾಡುವ ತರಗತಿಯೇ.

"ಹತ್ತನೇದು! ಪರೀಕ್ಷಿ ವರ್ಷ ಇಂಥಾದ್ದು ಕೊಡಸ್ತಾರೇನ್ರಿ? ಹುಡುಗ ಕೈ ಬಿಟ್ಟ ಹೋಗತಾನ. ನನ್ನ ಮಾತ ಕೇಳ್ರಿ, ಆರು ಕೋರಿಂದು ಒಯ್ರಿ. ಪಾಸಾಗ್ಲಿ, ಆಮ್ಯಾಲೆ ದೊಡ್ಡದು ನೋಡೋಣಂತ."

ಪಕ್ಕದ ಇಬ್ಬರೂ ತಲೆಯಾಡಿಸಿದರು. ಹಿಂದಿನ ವಾರವಷ್ಟೇ ಪಾಲಕರ ಸಭೆಯಲ್ಲಿ ನಾನೇ, ಹೆಚ್ಚುಕಡಿಮೆ ಇದೇ ಮಾತಿನಲ್ಲಿ, ಆಟದ ಹುಚ್ಚು ಹಚ್ಚಬೇಡಿರೆಂದು ತಾಯಂದಿರನ್ನು ಬೈದಿದ್ದೆ. ಈಗ ಏನೆಂದು ವಾದಿಸಲಿ? ಒಳ್ಳೆಯ ತಾಯಿಯ ಹಾಗೆ ಆರು ಕೋರಿನದನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ. ನಾನು ಹುಟ್ಟದ ಕೂಸಿನ ಪರೀಕ್ಷೆಗೆ ಹೆದರಿ ನನ್ನ ಆಟ ಕೆಡಿಸಿಕೊಂಡಿದ್ದೆ.

ಮರುದಿನ ಜೋಡಿಸಿ ಹಚ್ಚಿದೆ. ಊರು ಒಂದೂವರೆ ಲಕ್ಷಕ್ಕೆ ಹೋಯಿತು, ಮತ್ತೆ ಬಸ್ಸುಗಳು ನಿಂತವು. ಆ ವಾರವಿಡೀ ನಾನು ಸಿಡಿಮಿಡಿ. ತರಗತಿಯಲ್ಲಿ ಕಾರಣವಿಲ್ಲದೆ ಇಬ್ಬರನ್ನು ಹೊರಗೆ ನಿಲ್ಲಿಸಿದೆ. ಯಜಮಾನರು "ಯಾಕ, ಏನಾತು?" ಎಂದರೆ ಅವರ ಮೇಲೂ ಹರಿಹಾಯ್ದೆ. ಏನೆಂದು ಹೇಳುವುದು?

ಮುಂದಿನ ಶನಿವಾರ ಅದೇ ಚೀಟಿ ಹಿಡಿದು ಮತ್ತೆ ಅಲ್ಲಿಗೆ ಹೋದೆ.

"ಬರ್ರಿ ಅಕ್ಕಾರ! ಹೆಂಗ ಓದಾಕತ್ತಾನ್ರಿ ಮಗ?"

"ಮಗ ಇಲ್ಲ" ಎಂದೆ. "ನನಗ ಮಕ್ಕಳ ಇಲ್ಲ. ಅವತ್ತ ಸುಳ್ಳ ಹೇಳಿದ್ನಿ. ಆಡಾಕಿ ನಾನ. ಚೀಟಿಯಾಗ ಬರದದ್ದು ಕೊಡ್ರಿ."

ಅವನ ಮುಖ ಇಳಿಯಿತು. ಅದೇ ಇಪ್ಪತ್ತು ವರ್ಷದ 'ಅಯ್ಯೋ ಪಾಪ'. ದನಿ ತಗ್ಗಿಸಿ, ಬಹಳ ಮರ್ಯಾದೆಯಿಂದ ಹೇಳಿದ: "ಹೊತ್ತ ಹೋಗಾಕ ಅಂದ್ರ ನಿಮಗ ಒಯ್ದದ್ದ ರಗಡ ಆತಲ್ರಿ, ಅಕ್ಕಾರ."

ಹುಡುಗನಿಗಾದರೆ ಪಾಸಾದ ಮೇಲೆ ದೊಡ್ಡದು ಸಿಗುತ್ತಿತ್ತು. ನನಗೆ ಅದೂ ಇಲ್ಲ.

"ಹೊತ್ತ ಹೋಗಾಕಲ್ಲ, ಆಡಾಕ" ಎಂದೆ. ನನ್ನ ದನಿ ಅಂಗಡಿಗೆಲ್ಲ ಕೇಳಿಸಿತು. "ಬೋರ್ಡಿನ ಮುಂದ ನಿಂತ ಇಪ್ಪತ್ಮೂರು ವರ್ಷ ಆತು. ಯಾವ ಲೆಕ್ಕಕ್ಕ ಎಷ್ಟ ತಲಿ ಬೇಕು ಅನ್ನೂದು ನನಗ ಗೊತ್ತೈತಿ. ತಗೀರಿ ಅದನ್ನ."

ತೆಗೆದುಕೊಟ್ಟ. ಈಗ ನನ್ನ ಊರಿನಲ್ಲಿ ಮೂರು ಲಕ್ಷ ಜನ, ಒಂದು ಬಸ್ಸೂ ನಿಲ್ಲುವುದಿಲ್ಲ. ಆದರೆ ಅವನ ಮೇಲಿನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಇಲ್ಲ. ಮೊದಲ ಶನಿವಾರ ಬಸ್ಸಿನಲ್ಲಿ ಆರು ಕೋರಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ, ನವಲೂರು ದಾಟುವ ತನಕ ನಾನು ಆ ಹುಡುಗನಿಗೆ ಗಣಿತದಲ್ಲಿ ಎಷ್ಟು ಬರಬಹುದೆಂದು ಯೋಚಿಸುತ್ತ ಕೂತಿದ್ದೆ.