ಎಡಗಡೆಯ ವಾಲ್ವ್

ನಾನು ಮೂವತ್ತೊಂದು ವರ್ಷ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿದ್ದವನು. ಅಂದರೆ ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೇ ಸಂಬಳ ಪಡೆದವನು. ಮೋಟಾರಿನ ಬೇರಿಂಗ್ ಪೂರ್ತಿ ಕೆಡುವ ಮೊದಲೇ ನನಗೆ ಗೊತ್ತಾಗುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಓಡುತ್ತಿರುವ ಯಂತ್ರದ ಮೈಗೆ ಒತ್ತಿ, ಅದರ ಹಿಡಿಯನ್ನು ಎಡಗಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ಒಳಗೆ ಮರಳು ಉಜ್ಜಿದ ಹಾಗೆ ಸಣ್ಣಗೆ ಕೇಳಿಸಿದರೆ ಆ ಮೋಟಾರು ವಾಪಸ್ಸು. ಇಂಜಿನಿಯರುಗಳು ಮೀಟರು ಹಿಡಿದು ಬಂದು, ಅರ್ಧ ದಿನ ಒದ್ದಾಡಿ, ಕೊನೆಗೆ ನಾನು ಹೇಳಿದ್ದಕ್ಕೇ ಸಹಿ ಹಾಕುತ್ತಿದ್ದರು. ಆ ಕಿವಿಯ ಬಗ್ಗೆ ನನಗೆ ಜಂಬವಿತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ನಿವೃತ್ತಿಯಾದ ಮೇಲೆ ಕಿವಿಗೂ ಒಂದು ಕೆಲಸ ಬೇಕಲ್ಲ. ಇಂದಿರಾನಗರದಲ್ಲಿ ಮನೆ ಖಾಲಿ ಮಾಡುತ್ತಿದ್ದವರೊಬ್ಬರಿಂದ ಹೆಡ್‌ಫೋನ್‌ಗೆ ಹಾಕುವ ಪುಟ್ಟ ಆಂಪ್ಲಿಫೈಯರ್ ಕೊಂಡೆ. ಟಿಫಿನ್ ಡಬ್ಬಿಯಷ್ಟೇ ಇದೆ. ಅದರ ನೆತ್ತಿಯ ಮೇಲೆ ಹೆಬ್ಬೆರಳಿನ ಗಾತ್ರದ ಎರಡು ಗಾಜಿನ ವಾಲ್ವುಗಳು, ಎಡಗಿವಿಗೊಂದು, ಬಲಗಿವಿಗೊಂದು. ಈಗಿನವರು ಟ್ಯೂಬ್ ಅನ್ನುತ್ತಾರೆ. ಹಳೆಯ ರೇಡಿಯೋ ಬಿಚ್ಚಿ ನೋಡಿದ ನಮ್ಮಂಥವರಿಗೆ ಅದು ವಾಲ್ವೇ. ಸ್ವಿಚ್ ಹಾಕಿದರೆ ಅವು ಕಾದು ಕೆಂಪಗಾಗುವವರೆಗೂ ಸುಮ್ಮನೆ ಕೂರಬೇಕು. ಜೀವನ್ ಬಿಮಾ ನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬೆಳಗಿನ ಕಾಫಿ ಮುಗಿಸಿ ಹಾಗೆ ಕೂರುವುದು ನನಗೆ ಪೂಜೆಗಿಂತ ಹೆಚ್ಚಾಗಿತ್ತು.

ದಿನವೂ ಮೊದಲು ಕೇಳುತ್ತಿದ್ದದ್ದು ಒಂದು ಹಳೆಯ ಕಚೇರಿ. ಹಾಡುವವರು ನಡುವೆ, ತಂಬೂರಿ ಬಲಕ್ಕೆ, ತಬಲಾ ಎಡಕ್ಕೆ. ಒಂದು ದಿನ ತಬಲಾ ಸಪ್ಪೆ ಎನಿಸಿತು. ಬಾರಿಸುವವರು ಎರಡು ಮಾರು ಹಿಂದೆ ಸರಿದು ಕೂತಂತೆ ಇತ್ತು. ಬೆರಳಿನ ಅಂಚು ತಾಗುವ ಆ ಟಣ್ ಎನ್ನುವ ಪೆಟ್ಟು ಇಲ್ಲವೇ ಇಲ್ಲ. ವಾರ ಕಳೆದರೂ ಅವರು ಮುಂದಕ್ಕೆ ಬರಲಿಲ್ಲ.

ಕೆಟ್ಟಿರುವುದು ಎಡಗಡೆಯ ವಾಲ್ವು, ಇಲ್ಲವೇ ನನ್ನ ಎಡಗಿವಿ. ಇದು ನನಗೆ ಮೊದಲ ದಿನವೇ ಹೊಳೆದಿತ್ತು. ವಾಲ್ವೇ ಆಗಿರಲಿ ಎಂದು ಆಸೆಪಟ್ಟೆ ಅಷ್ಟೇ. ನಮ್ಮ ವಿಭಾಗದಲ್ಲಿ ನನಗಿಂತ ಹಿರಿಯರೊಬ್ಬರಿಗೆ ಕಿವಿ ಮಂದವಾಗಿ ಅವರನ್ನು ಸ್ಟೋರಿಗೆ ಹಾಕಿದ್ದರು. ಅವರ ಬೆನ್ನ ಹಿಂದೆಯೇ ನಿಂತು ಅವರನ್ನು ಕರೆದು, ಅವರು ತಿರುಗದಿದ್ದಾಗ ನಾವೆಲ್ಲ ನಗುತ್ತಿದ್ದೆವು. ಹಾಗೆ ಕರೆಯುವುದರಲ್ಲಿ ನಾನೇ ಮುಂದು. ಈಗ ನನ್ನ ಬೆನ್ನ ಹಿಂದೆ ಯಾರಾದರೂ ಕರೆಯುತ್ತಿದ್ದರೋ ಏನೋ, ನನಗೆ ಹೇಗೆ ತಿಳಿಯಬೇಕು?

ಪತ್ತೆ ಹಚ್ಚುವುದು ಕಷ್ಟವಿರಲಿಲ್ಲ. ಮೊದಲು ಎಡ ಬಲದ ವಾಲ್ವುಗಳನ್ನು ಅದಲು ಬದಲು ಮಾಡಬೇಕು. ವಾಲ್ವು ಕೆಟ್ಟಿದ್ದರೆ ಸಪ್ಪೆತನ ಬಲಕ್ಕೆ ಹೋಗಬೇಕು. ಮಾಡಿದೆ. ಹೋಗಲಿಲ್ಲ, ಎಡದಲ್ಲೇ ಉಳಿಯಿತು. ಮುಂದಿನ ಪರೀಕ್ಷೆ ಹೆಡ್‌ಫೋನನ್ನೇ ತಿರುಗಿಸಿ ಹಾಕಿಕೊಳ್ಳುವುದು. ಅರ್ಧ ನಿಮಿಷದ ಕೆಲಸ. ಆಗಲೂ ಎಡಗಿವಿಗೇ ಸಪ್ಪೆ ಕೇಳಿಸಿದರೆ ಯಂತ್ರದ ತಪ್ಪಲ್ಲ ಎಂದಾಯಿತು. ಆ ಅರ್ಧ ನಿಮಿಷದ ಕೆಲಸವನ್ನು ನಾನು ನಾಲ್ಕು ತಿಂಗಳು ಮಾಡಲಿಲ್ಲ. ಮರೆತಿದ್ದೆ ಎಂದು ಯಾರಿಗಾದರೂ ಹೇಳಬಹುದು, ನನಗೆ ನಾನೇ ಹೇಳಿಕೊಳ್ಳಲಾರೆ.

ಎರಡೂ ವಾಲ್ವು ಹಳತಾಗಿವೆ ಎಂದು ತೀರ್ಪು ಕೊಟ್ಟು ಹೊಸವನ್ನು ತರಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ವಾಲ್ವು ಹುಚ್ಚಿನವರ ಲೋಕದಲ್ಲಿ ನೆಲ ಡೊಂಕೆಂದು ಒಪ್ಪಿಕೊಳ್ಳುವವರು ಇಂಟರ್ನೆಟ್ ತುಂಬ ಇದ್ದಾರೆ. ಒಬ್ಬರು ರಷ್ಯಾದ್ದು ಗಟ್ಟಿ ಎಂದರು, ಇನ್ನೊಬ್ಬರು ಯುರೋಪಿನ ಹಳೆಯ ಮಾಲು ಜೇನು ಎಂದರು. ಎರಡೂ ವಾಲ್ವು ಒಂದೇ ಅಳತೆಗೆ ಹೊಂದಿಸಿದ ಜೋಡಿಯಾಗಿರಬೇಕು, ಇಲ್ಲದಿದ್ದರೆ ಒಂದು ಕಡೆ ಸಪ್ಪೆಯಾಗುತ್ತದೆ ಎಂದು ಎಲ್ಲರೂ ಹೇಳಿದರು. ನನಗೆ ಬೇಕಾಗಿದ್ದ ಮಾತು ಅದೇ. ಒಂದು ಜೋಡಿ ಬಂತು. ಹಾಕಿದ ದಿನ ತಬಲಾ ಮುಂದಕ್ಕೆ ಬಂತು, ದೇವರಾಣೆ ಬಂತು. ಮೂರನೆಯ ದಿನ ಮತ್ತೆ ಹಿಂದೆ ಹೋಯಿತು. ಇನ್ನೊಂದು ಜೋಡಿ ಬಂದಾಗಲೂ ಅದೇ ಕತೆ.

ನನ್ನ ಹೆಂಡತಿ ಹಲಸೂರಿನಲ್ಲಿ ಹುಟ್ಟಿ ಬೆಳೆದವಳು. ಮಾತು ಮೆತ್ತಗೆ, ಎದುರಿಗೆ ಇದ್ದವರಿಗಷ್ಟೇ ಕೇಳಿಸುವಷ್ಟು. ರವಿಕೆ ಬಟ್ಟೆ ಆರಿಸುವುದರಲ್ಲಿ ಮಾತ್ರ ಅವಳು ನಮ್ಮ ವಿಭಾಗದ ಮುಖ್ಯಸ್ಥೆಯಾಗಬಹುದಿತ್ತು. ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಕಮರ್ಷಿಯಲ್ ಸ್ಟ್ರೀಟಿನ ಮ್ಯಾಚಿಂಗ್ ಸೆಂಟರುಗಳನ್ನು ಹತ್ತಿ ಇಳಿಯುತ್ತಾಳೆ. ಅಂಗಡಿಯ ದೀಪದಲ್ಲಿ ಬಣ್ಣ ನಂಬುವುದಿಲ್ಲ. ಥಾನನ್ನು ಬಾಗಿಲಾಚೆ ತಂದು ಬಿಸಿಲಿನಲ್ಲಿ ಹಿಡಿದು ನೋಡಿಯೇ ಕತ್ತರಿಸಲು ಹೇಳುವುದು. ಇಷ್ಟೊಂದು ಜೋಡಿ ಹೊಂದಿಸುವುದು ಯಾಕೆ ಎಂದು ನಾನು ವರ್ಷಗಟ್ಟಲೆ ಗೇಲಿ ಮಾಡಿದ್ದೆ. ಎರಡನೆಯ ಜೋಡಿ ವಾಲ್ವು ಬಂದ ದಿನ ಅವಳು ಡಬ್ಬಿಯನ್ನು ನೋಡಿ, "ಇದಕ್ಕೆ ಲೈನಿಂಗೂ ಬೇಕಾ ರೀ?" ಅಂದಳು.

ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯೊಂದರಲ್ಲಿ ಹಳೆಯ ರೇಡಿಯೋ ರಿಪೇರಿಯವರೊಬ್ಬರು ಇದ್ದಾರೆ, ಅವರ ಹತ್ತಿರ ಡಬ್ಬಿಗಟ್ಟಲೆ ವಾಲ್ವುಗಳಿವೆ ಎಂದು ಯಾರೋ ಹೇಳಿದರು. ಅವಳಿಗೂ ರವಿಕೆ ಬಟ್ಟೆಯ ಕೆಲಸವಿತ್ತು. ಒಟ್ಟಿಗೆ ಆಟೋದಲ್ಲಿ ಹೊರಟೆವು. ಮೊದಲೆಲ್ಲ ಆಟೋ ಬಂದರೆ ನನ್ನನ್ನು ಒಳಗೆ ತಳ್ಳಿ ಅವಳು ಎಡಗಡೆಯ ಅಂಚಿನಲ್ಲಿ, ಹತ್ತುವ ಇಳಿಯುವ ಜಾಗದಲ್ಲಿ ಕೂರುತ್ತಿದ್ದಳು. ಅಂಗಡಿ, ಬೋರ್ಡು, ಹೋಗಿ ಬರುವವರ ಸೀರೆ, ಎಲ್ಲ ನೋಡಬೇಕು ಅವಳಿಗೆ. ಈಚೆಗೆ ತಾನೇ ಮೊದಲು ಹತ್ತಿ, ಆಚೆ ಕಂಬಿ ಹಾಕಿದ ಬಲಗಡೆಗೆ ಸರಿದುಬಿಡುತ್ತಿದ್ದಳು. ಕೇಳಿದರೆ ಧೂಳು ಎಂದಿದ್ದಳು. ನಾನೂ ಒಪ್ಪಿಕೊಂಡಿದ್ದೆ, ಧೂಳಿಗೇನು ಕೊರತೆ.

ಕಮರ್ಷಿಯಲ್ ಸ್ಟ್ರೀಟಿನಲ್ಲಿ ಅವಳನ್ನು ಇಳಿಸಿ, ಕೆಲಸ ಮುಗಿದ ಮೇಲೆ ಬಾ ಎಂದು ಗಲ್ಲಿಯ ಗುರುತು ಹೇಳಿ ಮುಂದೆ ಹೋದೆ. ಅಂಗಡಿ ಎಂದರೆ ಒಂದು ಬೆಂಚು, ಒಂದು ಮೇಜು, ಗೋಡೆ ತುಂಬ ರಟ್ಟಿನ ಡಬ್ಬಿಗಳು. ಒಳಗೆ ಎಪ್ಪತ್ತು ದಾಟಿದ, ಬಿಳಿ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡ ಸಾಬರು ಬೆಸುಗೆ ಹಾಕುತ್ತಾ ಕೂತಿದ್ದರು. ಆಂಪ್ಲಿಫೈಯರನ್ನೂ ತೆಗೆದಿಟ್ಟಿದ್ದ ಹಳೆಯ ವಾಲ್ವುಗಳನ್ನೂ ಮೇಜಿನ ಮೇಲಿಟ್ಟು, ಎಡಗಡೆ ಸಪ್ಪೆಯಾಗಿದೆ, ಒಳ್ಳೆಯ ಜೋಡಿ ಬೇಕು ಎಂದೆ. ರಷ್ಯಾ, ಯುರೋಪು ಎಂದೆಲ್ಲ ನಾನು ಕಲಿತದ್ದನ್ನು ಒಪ್ಪಿಸಿದೆ.

"ಕೂತ್ಕೊಳ್ಳಿ ಸಾರ್. ಹೆಸ್ರು ನೋಡಿ ವಾಲ್ವ್ ಕೊಡಲ್ಲ ನಾನು," ಎಂದರು. "ಕಣ್ಣು ಇದ್ಯಲ್ಲ, ಅದು ಕಿವೀಗಿಂತ ಮೊದ್ಲೇ ಕೇಳ್ಸ್ಕೊಂಬಿಡ್ತದೆ. ನಂ ಹತ್ರ ಮುಚ್ಚಿ ತೋರ್ಸೋದು."

ಅವರ ರೀತಿಯೇ ಅದು. ಆಂಪ್ಲಿಫೈಯರ್ ಮೇಲೆ ಟವೆಲು ಹೊದಿಸಿ, ಅದರಡಿ ಕೈಯಾಡಿಸಿ, ಮೂರು ಜೋಡಿಗಳನ್ನು ಒಂದಾದ ಮೇಲೊಂದು ಹಾಕಿದರು. ಪ್ರತಿ ಸಲವೂ ಅದು ಕಾಯಲು ಬಿಟ್ಟು, ನಾನು ತಂದಿದ್ದ ಅದೇ ಕಚೇರಿಯನ್ನು ಕೇಳಿಸಿದರು. ಯಾವುದು ಚೆನ್ನ ಎಂದು ಬೆರಳೆತ್ತಿ ಹೇಳಬೇಕು. ಬೇರಿಂಗ್ ಕೇಳುವವನ ಹಾಗೆ ಕಣ್ಣು ಮುಚ್ಚಿ ಕೂತೆ. ಎರಡನೆಯದು ಎಂದೆ. ಕ್ರಮ ಬದಲಾಯಿಸಿ ಮತ್ತೆ ಹಾಕಿದರು. ಈ ಸಲ ಮೊದಲನೆಯದು ಎಂದೆ. ಅವರು ಟವೆಲು ತೆಗೆದರು. ಎರಡು ಸಲವೂ ನಾನು ಆರಿಸಿದ್ದು ಒಂದೇ ಜೋಡಿ. ನಾನು ಕೆಟ್ಟಿದೆ ಎಂದು ಬಿಸಾಡಲು ತಂದಿದ್ದ, ಆಂಪ್ಲಿಫೈಯರ್ ಜೊತೆಗೇ ಬಂದಿದ್ದ ನನ್ನ ಹಳೆಯ ಜೋಡಿ.

"ಕಿವಿ ಪಕ್ಕಾ ಇದೆ ನಿಮ್ದು," ಎಂದರು. ನನಗೆ ಎಲ್ಲಿಲ್ಲದ ಖುಷಿಯಾಯಿತು. ಅವರು ವಾಲ್ವುಗಳನ್ನು ಮೀಟರಿಗೆ ಹಾಕಿ ಮುಳ್ಳು ತೋರಿಸಿದರು, ಎರಡೂ ಸಮವಾಗಿದ್ದವು. "ಇನ್ನೂ ಎಷ್ಟೋ ವರ್ಷ ಬರ್ತದೆ. ಆದ್ರೆ ಎಡಗಡೆ ಕಮ್ಮೀನೇ ಅಲ್ವಾ?"

ಹೌದು ಎಂದೆ.

"ಹೆಡ್‌ಫೋನು ಉಲ್ಟಾ ಹಾಕ್ಕೊಳ್ಳಿ."

ನಾಲ್ಕು ತಿಂಗಳು ತಪ್ಪಿಸಿಕೊಂಡದ್ದನ್ನು ಅವರು ಒಂದೇ ಮಾತಿನಲ್ಲಿ ಮುಂದಿಟ್ಟರು. ತಿರುಗಿಸಿ ಹಾಕಿಕೊಂಡೆ. ತಬಲಾ ಬಲಗಿವಿಗೆ ಬಂತು, ಪೆಟ್ಟು ಪೆಟ್ಟೂ ಬಿಡಿಸಿ ಕೇಳಿಸಿತು, ಟಣ್ ಎನ್ನುವುದೂ ಸೇರಿ. ಎಡಗಿವಿಯಲ್ಲಿ ಈಗ ತಂಬೂರಿ ದೂರ ಹೋಗಿತ್ತು. ಕಾರ್ಖಾನೆಯಲ್ಲಿ ಪ್ರತಿಯೊಂದು ಗೇಜಿಗೂ ಚೀಟಿ ಅಂಟಿಸುತ್ತಿದ್ದೆವು, ಇದನ್ನು ಮತ್ತೆ ಯಾವಾಗ ಪರೀಕ್ಷಿಸಬೇಕು ಎಂದು. ಅಳೆಯುವ ಮೊದಲು ಅಳತೆಗೋಲು ನೋಡು ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವನೇ ನಾನು. ಈ ಕಿವಿಗೆ ಒಂದು ದಿನವೂ ಚೀಟಿ ಅಂಟಿಸಿರಲಿಲ್ಲ. ಅಪರಿಚಿತರ ಅಂಗಡಿಯಲ್ಲಿ ಕೂತು ಅಳುವ ವಯಸ್ಸೇ ಇದು ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ಸಾಬರು ಟೋಪಿಯನ್ನು ಸ್ವಲ್ಪ ಮೇಲೆ ಸರಿಸಿದರು. ಎರಡೂ ಕಿವಿಯ ಹಿಂದೆ ಹುಣಸೆ ಬೀಜದಷ್ಟು ಗಾತ್ರದ ಮಷೀನುಗಳಿದ್ದವು.

"ರೇಡಿಯೋ ರಿಪೇರಿ ಮಾಡೋನು ನಾನು. ನನ್ಗೇ ನಾಚ್ಕೆ ಆಗ್ಲಿಲ್ಲ," ಎಂದರು. "ವಾಲ್ವ್ ಮಾರಲ್ಲ ನಿಮ್ಗೆ. ಮೊದ್ಲು ಡಾಕ್ಟ್ರಿಗೆ ತೋರ್ಸಿ. ಆಮೇಲೆ ಇದನ್ನ ತನ್ನಿ, ಎಡಗಡೆ ಜಾಸ್ತಿ ಬಲಗಡೆ ಕಮ್ಮಿ ಮಾಡೋ ಗುಂಡಿ ಒಂದು ಕೂರ್ಸ್ಕೊಡ್ತೀನಿ."

ಆಗಲೇ ನನ್ನ ಹೆಂಡತಿ ಬಟ್ಟೆಯ ಕವರು ಹಿಡಿದು ಬಾಗಿಲಿಗೆ ಬಂದಳು. ಹೆಡ್‌ಫೋನಿನ ವೈರು ಎಂದಿನ ಕಡೆ ಬಿಟ್ಟು ಆಚೆ ಕಡೆ ಜೋತುಬಿದ್ದಿದ್ದನ್ನು ನೋಡಿದಳು. ನನ್ನ ಮುಖ ನೋಡಿದಳು. ಒಳಗೆ ಬಂದು ಬೆಂಚಿನ ಮೇಲೆ ಕೂತಳು, ನನ್ನ ಬಲಗಡೆಗೆ.

"ಎಡಗಿವೀನಾ?" ಎಂದಳು.

"ಹೂಂ. ನಿಂಗೆ ಗೊತ್ತಿತ್ತಾ?"

"ಎರಡು ವರ್ಷ ಆಯ್ತು ರೀ."

"ಹೇಳ್ಬಾರ್ದಿತ್ತಾ?"

"ಒಂದ್ಸಲ ಹೇಳಿದ್ನಲ್ಲ. ಎರಡು ದಿನ ಮಾತು ಬಿಟ್ರಿ. ಆಮೇಲೆ ಯಾಕೆ ಬೇಕು ಅಂತ ನಾನೇ ಈ ಕಡೆ ಬಂದ್ಬಿಟ್ಟೆ."

ಆಗ ಅರ್ಥವಾಯಿತು. ಆಟೋದಲ್ಲಿ ಕಂಬಿಯ ಕಡೆ. ಬೆಳಗಿನ ನಡಿಗೆಯಲ್ಲಿ ಬಲಗಡೆ. ಊಟದ ಮೇಜಿನಲ್ಲಿ ಹಳೆಯ ಕುರ್ಚಿ ಬಿಟ್ಟು ಆಚೆ ಬದಿಯ ಕುರ್ಚಿ. ಎಲ್ಲದಕ್ಕೂ ಒಂದೊಂದು ನೆಪ ಹೇಳಿದ್ದಳು, ಧೂಳು, ಬಿಸಿಲು, ಫ್ಯಾನಿನ ಗಾಳಿ. ನನ್ನ ಜಂಬಕ್ಕೆ ನೋವಾಗದ ಹಾಗೆ ಎರಡು ವರ್ಷ ನನ್ನ ಸುತ್ತ ಜಾಗ ಬದಲಾಯಿಸಿಕೊಂಡು ಬದುಕಿದ್ದಳು. ತಪ್ಪು ಹುಡುಕಿ ಸಂಬಳ ಪಡೆದವನಿಗೆ ಇದೊಂದು ಕಣ್ಣಿಗೆ ಬಿದ್ದಿರಲಿಲ್ಲ. ನಾಚಿಕೆಯಾಯಿತು. ಆದರೆ ಅದಕ್ಕಿಂತ ಹೆಚ್ಚಾಗಿ, ಹೇಗೆ ಹೇಳಲಿ, ನನ್ನನ್ನು ಇಷ್ಟು ಜೋಪಾನ ಮಾಡುವವರು ಇದ್ದಾರಲ್ಲ ಎಂದು ಧೈರ್ಯ ಬಂತು.

ಮರುದಿನವೇ ಇಂದಿರಾನಗರದ ಕಿವಿ ಡಾಕ್ಟರ ಬಳಿಗೆ ಹೋದೆವು. ಕಿರುಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಿ ಎಂದರು. ಬಲಗಿವಿಗೆ ಚಕಚಕನೆ ಒತ್ತಿದೆ. ಎಡಗಿವಿಗೆ ಬಂದಾಗ ಕೈ ಸುಮ್ಮನೆ ಕೂತಿತು. ಎಡಗಿವಿಯ ನರ ಸ್ವಲ್ಪ ಸೋತಿದೆ, ಮಷೀನು ಹಾಕಿದರೆ ಚೆನ್ನಾಗಿಯೇ ಕೇಳಿಸುತ್ತದೆ, ತಡ ಮಾಡಿದ್ದೇ ತಪ್ಪು ಎಂದು ಡಾಕ್ಟರು ಹೇಳಿದರು. ಮಷೀನು ಹಾಕಿಸಿಕೊಂಡ ಮೊದಲ ದಿನ ನಮ್ಮ ಮನೆಯ ಫ್ರಿಜ್ಜು ಅಷ್ಟು ಗಲಾಟೆ ಮಾಡುತ್ತದೆ ಎಂದು ತಿಳಿಯಿತು. ಕಾಂಪ್ರೆಸರ್ ಬೇರಿಂಗ್ ಸರಿಯಿಲ್ಲ ಎಂದು ಹೆಂಡತಿಗೆ ಹೇಳಿದೆ. ಅವಳು ಫ್ರಿಜ್ಜಿಗೆ ಏನೂ ಆಗಿಲ್ಲ ಎಂದಳು. ಅದರ ಬಗ್ಗೆ ಈಗಲೂ ನಮ್ಮಲ್ಲಿ ಒಮ್ಮತವಿಲ್ಲ.

ಎರಡು ವಾರ ಬಿಟ್ಟು ಸಾಬರ ಅಂಗಡಿಗೆ ಹೋದೆವು. ಅವರು ಮಾತಿನಂತೆ ಗುಂಡಿ ಕೂರಿಸಿದರು. ಮಷೀನು ತೆಗೆದು, ಹೆಡ್‌ಫೋನು ಹಾಕಿಕೊಂಡು, ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ಎಡಕ್ಕೆ ತಿರುಗಿಸಿದೆ. ತಬಲಾದವರು ಎದ್ದು ಬಂದು ತಮ್ಮ ಜಾಗದಲ್ಲಿ ಕೂತರು. ಟಣ್ ಎನ್ನುವ ಆ ಪೆಟ್ಟು ಮೊದಲಿನಷ್ಟು ಹರಿತವಾಗಿ ಬರಲಿಲ್ಲ, ಅದು ಇನ್ನು ಬರುವುದೂ ಇಲ್ಲವಂತೆ. ಆದರೂ ಅವರು ಅಲ್ಲಿದ್ದರು. ವಾಲ್ವುಗಳು ಅದೇ ಹಳೆಯ ಜೋಡಿ.

ಮಷೀನನ್ನು ಮತ್ತೆ ಎಡಗಿವಿಗೆ ಹಾಕಿಕೊಂಡೆ. ಹೊರಗೆ ಬಂದು ಆಟೋ ನಿಲ್ಲಿಸಿದೆವು. ಹೆಂಡತಿ ಅಭ್ಯಾಸದಂತೆ ಮೊದಲು ಹತ್ತಲು ಹೋದಳು. ನಾನು ಅವಳನ್ನು ತಡೆದು, ಮೊದಲು ಹತ್ತಿ, ಆಂಪ್ಲಿಫೈಯರನ್ನು ತೊಡೆಯ ಮೇಲಿಟ್ಟುಕೊಂಡು, ಕಂಬಿಯ ಕಡೆಗೆ ಸರಿದು ಕೂತೆ. ಅವಳು ಒಂದು ಗಳಿಗೆ ರಸ್ತೆಯಲ್ಲೇ ನಿಂತಿದ್ದಳು. ಆಟೋದವರು, "ಅಮ್ಮ, ಬರ್ತೀರಾ?" ಎಂದರು. ಹತ್ತಿ ಅಂಚಿನಲ್ಲಿ ಕೂತಳು, ನನ್ನ ಎಡಕ್ಕೆ.

ಹಲಸೂರು ಕೆರೆಯವರೆಗೂ ಅವಳು ಹೊರಗಿನ ಅಂಗಡಿಗಳನ್ನು ನೋಡುತ್ತಿದ್ದಳು, ಎರಡು ವರ್ಷದ ಬಾಕಿಯನ್ನೆಲ್ಲ ನೋಡುವವಳ ಹಾಗೆ. ಕೆರೆಯ ತಿರುವಿನಲ್ಲಿ, ಮುಖವನ್ನು ರಸ್ತೆಯ ಕಡೆಗೇ ಇಟ್ಟುಕೊಂಡು, ತನಗೆ ತಾನೇ ಹೇಳಿಕೊಳ್ಳುವಷ್ಟು ಮೆಲ್ಲಗೆ, "ಹಠಮಾರಿ ಮುದ್ಕ," ಅಂದಳು.

"ಯಾರು?" ಎಂದೆ.

ಅವಳು ತಟ್ಟನೆ ತಿರುಗಿದಳು. ನಕ್ಕಳು, ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಮನೆ ಬರುವವರೆಗೂ ಎಡಗಡೆಯಿಂದ ಮಾತಾಡುತ್ತಲೇ ಇದ್ದಳು.