ನಂಜುಂಡನ ಹಾಟ್ ಡಾಗ್ ಮತ್ತು ನನ್ನ ಸಹಿ

ನಿಜ ಹೇಳಿ, ಮನೆಯಲ್ಲಿ ಬಿಸಿ ಅನ್ನ ಹುಳಿ ಕಾದಿರುವಾಗ ಬೀದಿಯಲ್ಲಿ ನಿಂತು ಏನಾದರೂ ತಿಂದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಬಂದು, ‘ಯಾಕೋ ಇವತ್ತು ಹಸಿವೇ ಇಲ್ಲ’ ಎಂದಿದ್ದೀರೋ ಇಲ್ಲವೋ? ಇಲ್ಲ ಎನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಫೋನಿನಲ್ಲಿ ಒಂದೇ ಬೆರಳಿನಿಂದ ಕುಟ್ಟುತ್ತಿದ್ದೇನೆ. ಅಷ್ಟು ಸಾಧುಗಳಿಗಾಗಿ ಬೆರಳು ನೋಯಿಸಿಕೊಳ್ಳಲಾರೆ.

ಇವತ್ತು ಸಂಜೆ ಬಾಲ್ಕನಿಯಲ್ಲಿ ಬಟ್ಟೆ ಮಡಿಸುತ್ತಿದ್ದಾಗ ಬೆಣ್ಣೆ ಕಾಯುವ ವಾಸನೆ ಬಂತು. ಅದರ ಹಿಂದೆಯೇ ಈರುಳ್ಳಿ, ಕೊತ್ತಂಬರಿ ಚಟ್ನಿ. ಮೂರು ವಾರದಿಂದ ನನ್ನ ಮೂಗು ಇದಕ್ಕಾಗಿ ಕಾದಿತ್ತು. ಅರ್ಧ ಮಡಿಸಿದ ಸೀರೆಯನ್ನು ಕುರ್ಚಿಯ ಮೇಲೆ ಹಾಕಿ ದಡದಡನೆ ಮೆಟ್ಟಿಲಿಳಿದೆ. ಮಂಡಿನೋವಿನವರು ಹೀಗೆ ಇಳಿಯಬಾರದು ಎಂದು ಡಾಕ್ಟರು ಹೇಳಿದ್ದಾರೆ. ಡಾಕ್ಟರಿಗೆ ನಂಜುಂಡನ ಗಾಡಿ ಗೊತ್ತಿಲ್ಲ.

ನಿಮಗೂ ಗೊತ್ತಿಲ್ಲವಲ್ಲ, ಹೇಳುತ್ತೇನೆ. ಚಾಮರಾಜಪೇಟೆಯ ನಮ್ಮ ರಸ್ತೆಯ ಮೂಲೆಯಲ್ಲಿ, ಹೊಂಗೆಮರದ ಕೆಳಗೆ, ಇಪ್ಪತ್ತು ವರ್ಷಕ್ಕೂ ಮೇಲಿನಿಂದ ನಿಲ್ಲುವ ತಳ್ಳುಗಾಡಿ ಅದು. ತಗಡಿನ ಮೇಲೆ ಕೆಂಪು ಬಣ್ಣದಲ್ಲಿ ‘ಹಾಟ್ ಡಾಗ್’ ಎಂದು ಬರೆದಿದೆ. ಹೆಸರು ಮಾತ್ರ ಪರದೇಶದ್ದು. ಎದುರು ಬೇಕರಿಯವರು ಅವನಿಗಾಗಿಯೇ ಉದ್ದಕ್ಕೆ ಸುಟ್ಟುಕೊಡುವ ಬನ್ನನ್ನು ಸೀಳಿ, ಆಲೂಗಡ್ಡೆ ಬೀಟ್‌ರೂಟು ಬೇಯಿಸಿ ಮಸೆದು ಬೆರಳಿನಂತೆ ಹೊಸೆದು ಕಾವಲಿಯ ಮೇಲೆ ಹೊರಳಾಡಿಸಿದ್ದನ್ನು ಒಳಗಿಡುತ್ತಾನೆ. ಮೇಲೆ ಈರುಳ್ಳಿ, ಚಟ್ನಿ, ನಾಲ್ಕು ಹನಿ ನಿಂಬೆಹುಳಿ. ಒಂದು ತಿಂದರೆ ಆ ಹೊತ್ತಿನ ಊಟ ಮುಗಿಯಿತು. ಏಸಿ ಹಾಕಿದ ಹೋಟೆಲಿನಲ್ಲಿ ಅಷ್ಟು ದುಡ್ಡಿಗೆ ಕಾಫಿಯೂ ಬರುವುದಿಲ್ಲ.

ನಾನು ಮೊದಲು ತಿಂದಾಗ ಅತ್ತೆ ಇದ್ದರು. ಅವರ ಅಡುಗೆಮನೆಗೆ ಈರುಳ್ಳಿ ಬರುವಂತಿರಲಿಲ್ಲ. ಗುರುವಾರ ಮಠಕ್ಕೆ ಹೋಗಿ ಬರುವಾಗ ನಾನು ಮೂಲೆಯಲ್ಲಿ ಐದು ನಿಮಿಷ ನಿಲ್ಲುತ್ತಿದ್ದೆ. ಆಮೇಲೆ ಲವಂಗ ಅಗಿದು, ಮಂತ್ರಾಕ್ಷತೆ ಹಿಡಿದು, ಭಕ್ತಿಯ ಮುಖ ಮಾಡಿಕೊಂಡು ಒಳಗೆ ಬರುವುದು. ಒಂದು ಗುರುವಾರ ಅತ್ತೆ ಮಂತ್ರಾಕ್ಷತೆ ತೆಗೆದುಕೊಂಡವರು ನನ್ನ ಕೈ ಬಿಡದೆ ಮೂಸಿದರು.

“ಮಠದಲ್ಲಿ ಈಗ ಈರುಳ್ಳಿ ಹಂಚ್ತಾರೇನೇ?”

ನಾನು ಕೈ ಬಿಡಿಸಿಕೊಳ್ಳಲು ನೋಡಿದೆ. ಅವರು ಬಿಡಲಿಲ್ಲ.

“ನಿಂತ್ಕೊಂಡು ತಿನ್ನಕ್ಕೆ ಪುರುಸೊತ್ತಿದೆ. ನಂಗೊಂದು ಕಟ್ಟಿಸ್ಕೊಂಡ್ ಬರಕ್ಕೆ ಏನ್ ಧಾಡಿ?”

ಅಂದಿನಿಂದ ಗುರುವಾರ ಅವರು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ತಿನ್ನುತ್ತಿದ್ದರು. ಈರುಳ್ಳಿ ಅಡುಗೆಮನೆಗೆ ಬರಲಿಲ್ಲ, ನಿಯಮವೂ ಮುರಿಯಲಿಲ್ಲ. ಅತ್ತೆಗೆ ಹಲ್ಲಿಲ್ಲವೆಂದು ನಂಜುಂಡ ಬನ್ನಿನ ಗಟ್ಟಿ ತುದಿಗಳನ್ನು ಕತ್ತರಿಸಿ ಕಟ್ಟಿಕೊಡುತ್ತಿದ್ದ. ಹಾಗೆ ಮಾಡು ಎಂದು ನಾನು ಒಂದು ದಿನವೂ ಹೇಳಿದ್ದಿಲ್ಲ.

ಇಂಥವನ ಗಾಡಿ ಎತ್ತಿಸಲು ನಾನು ಸಹಿ ಹಾಕಿದೆ.

ಆದದ್ದಿಷ್ಟು. ನವರಾತ್ರಿಯಲ್ಲಿ ಮೂಲೆಮನೆಯ ವಿಶಾಲಾಕ್ಷಿ ಗೊಂಬೆ ನೋಡಲು ಕರೆದಿದ್ದಳು. ರೇಷ್ಮೆ ಸೀರೆಗೆ ಕನ್ನಡಕ ಒಪ್ಪುವುದಿಲ್ಲವೆಂದು ಮನೆಯಲ್ಲೇ ಬಿಟ್ಟುಹೋಗಿದ್ದೆ. ಈ ವಯಸ್ಸಿನಲ್ಲಿ ನನ್ನನ್ನು ನೋಡುವವರು ಯಾರು ಎಂದು ಕೇಳಬೇಡಿ. ಅರಿಶಿನ ಕುಂಕುಮ ಆಯಿತು, ಕೋಸಂಬರಿ ಬಂತು, ತಾಂಬೂಲ ಬಂತು, ಅದರ ಹಿಂದೆಯೇ ಒಂದು ಕಾಗದವೂ ಪೆನ್ನೂ ಬಂದವು. “ರಸ್ತೆ ವಿಷ್ಯ ಕಣ್ರೀ, ಎಲ್ರೂ ಹಾಕ್ತಿದಾರೆ. ಹಿರಿಯರು ನೀವು, ಮೊದ್ಲು ಹಾಕಿ” ಎಂದಳು. ಅರಿಶಿನ ಕುಂಕುಮಕ್ಕೆ ಹೋದ ಮನೆಯಲ್ಲಿ ಕೊಟ್ಟದ್ದನ್ನು ಬೇಡ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಬೀದಿದೀಪದ ಅರ್ಜಿ ಇರಬೇಕೆಂದುಕೊಂಡು, ಎಲ್ಲರಿಗಿಂತ ಮೇಲೆ, ದೊಡ್ಡದಾಗಿ ಹಾಕಿದೆ.

ಮುಂದಿನ ವಾರ ರಸ್ತೆಯವರ ವಾಟ್ಸಾಪ್ ಗುಂಪಿನಲ್ಲಿ ಆ ಕಾಗದದ ಫೋಟೋ ಬಂತು. ಮೊಮ್ಮಗಳು ಕಲಿಸಿದಂತೆ ಎರಡು ಬೆರಳಿನಿಂದ ಹಿಗ್ಗಿಸಿ ಓದಿದೆ. ಮೂಲೆಯ ತಳ್ಳುಗಾಡಿಯ ಹೊಗೆಯಿಂದಲೂ, ಗೇಟಿಗೆ ಅಡ್ಡ ನಿಲ್ಲುವ ಸ್ಕೂಟರುಗಳಿಂದಲೂ ತೊಂದರೆಯಾಗುತ್ತಿದೆ, ಗಾಡಿಯನ್ನು ತೆರವುಗೊಳಿಸಬೇಕು. ಕೆಳಗೆ ನನ್ನ ಸಹಿ. ಅದರ ಕೆಳಗೆ ಇನ್ನೂ ಎಷ್ಟೋ ಹೆಸರುಗಳಿದ್ದವು. ನನ್ನದನ್ನು ನೋಡಿದ ಮೇಲೆ ಉಳಿದವನ್ನು ನೋಡುವ ಧೈರ್ಯ ಬರಲಿಲ್ಲ.

ಮಾರನೆಯ ದಿನ ಗಾಡಿ ಇರಲಿಲ್ಲ. ಅದರ ಮಾರನೆಯ ದಿನವೂ ಇರಲಿಲ್ಲ. ಒಂದು ಮಧ್ಯಾಹ್ನ ಪೂರ್ತಿ ಕುಟ್ಟಿ, ‘ನಾನು ಓದದೆ ಸಹಿ ಹಾಕಿದೆ, ನನ್ನ ಸಹಿ ವಾಪಸ್ ಕೊಡಿ’ ಎಂದು ಗುಂಪಿಗೆ ಕಳಿಸಿದೆ. ನಾನು ಬರೆದ ಮೊದಲ ಉದ್ದನೆಯ ಮೆಸೇಜು ಅದು. ವಿಶಾಲಾಕ್ಷಿ ಕೈಮುಗಿದ ಚಿತ್ರ ಕಳಿಸಿದಳು. ಇನ್ಯಾರೋ ಗುಲಾಬಿ ಹೂವು ಕಳಿಸಿದರು. ಎದುರಿಗೆ ಸಿಕ್ಕಾಗ ಕೇಳಿದರೆ, “ಕಾರ್ಪೊರೇಷನ್ ಆಫೀಸಿಗೆ ಕೊಟ್ಟಾಯ್ತಲ್ರೀ” ಎಂದಳು. ಗುರುವಾರ ಬಂದರೆ ಹಿತ್ತಲಿನ ಕಲ್ಲಿನ ಕಡೆ ನೋಡಲು ನನಗೆ ಮುಖವಿರಲಿಲ್ಲ. ಅತ್ತೆ ಇದ್ದಿದ್ದರೆ ಏನೆನ್ನುತ್ತಿದ್ದರೋ.

ಇವತ್ತು ಮೂಲೆ ತಲುಪುವಷ್ಟರಲ್ಲಿ ಏದುಸಿರು. ನಂಜುಂಡ ಅದೇ ಹೊಂಗೆಮರದ ಕೆಳಗೆ ಬನ್ನು ಸೀಳುತ್ತಿದ್ದ.

“ಎಲ್ಲಿಗ್ ಹೋಗಿದ್ಯಪ್ಪಾ?”

“ಮಗಳಿಗೆ ಹೆರಿಗೆ ಆಯ್ತಮ್ಮ, ಊರಿಗೆ ಹೋಗಿದ್ದೆ. ಹೆಣ್ಣುಮಗು.”

“ಗಾಡಿ ಎತ್ತು ಅಂತ ಯಾರೂ ಬಂದಿರ್ಲಿಲ್ವಾ?”

“ಯಾರಮ್ಮ ಬರೋದು?”

ಮೂರು ವಾರದಿಂದ ಎದೆಯ ಮೇಲೆ ಕೂತಿದ್ದ ರುಬ್ಬುಗುಂಡು ಉರುಳಿಹೋಯಿತು. ಸುಮ್ಮನೆ ತಿಂದು ಬರಬಹುದಿತ್ತು. ಆದರೆ ಬನ್ನಿನ ಗಟ್ಟಿ ತುದಿಗಳನ್ನು ಅವನು ಕತ್ತರಿಸುತ್ತಿದ್ದ. ಈಗ ನನ್ನ ಹಲ್ಲೂ ಅಲ್ಲಾಡುತ್ತದೆಂದು ಇವನಿಗೆ ಯಾರು ಹೇಳಿದರು? ತಡೆಯಲಾಗಲಿಲ್ಲ, ಹೇಳಿಬಿಟ್ಟೆ.

“ನಿನ್ನ ಗಾಡಿ ತೆಗೆಸ್ಬೇಕು ಅಂತ ಅರ್ಜಿ ಕೊಟ್ಟಿದಾರೆ ನಂಜುಂಡ. ಮೊದಲ್ನೇ ಸೈನು ನಂದೇ. ಕನ್ನಡಕ ಇರ್ಲಿಲ್ಲ, ಓದ್ದೆ ಹಾಕ್ಬಿಟ್ಟೆ.”

ಅವನು ಕಾವಲಿಯ ಮೇಲಿನದನ್ನು ಎರಡು ಸಲ ಹೊರಳಿಸಿದ. ಆಮೇಲೆ ಬನ್ನು ನನ್ನ ಕೈಗಿಟ್ಟು ಹೇಳಿದ:

“ಓ, ಆ ಪೇಪರ್ರಾ? ಮೂಲೆಮನೆ ಯಜಮಾನ್ರು ಇಲ್ಲೇ ನಿಂತು ತಿಂತಾ ನನ್ ಮುಂದೆ ಇಟ್ರು. ಮೊದಲ್ನೇ ಹೆಸರು ನಿಮ್ದು. ಅಮ್ಮೋರು ಹಾಕಿದ್ಮೇಲೆ ಓದೋದೇನಿದೆ ಅಂತ ನಾನೂ ಹಾಕ್ದೆ. ಕೊನೇದು ನಂದೇ, ನೋಡಿ ಬೇಕಾದ್ರೆ. ಇನ್ಮೇಲೆ ಕನ್ನಡಕ ಹಾಕ್ಕೊಂಡ್ ಹೋಗಿ, ಇಬ್ರಿಗೂ ಒಳ್ಳೇದು.”