ಆಮೆಯನ್ನು ತವರಿಗೆ ಕಳಿಸಿದ್ದು

ಮೊನ್ನೆ ಮೊಮ್ಮಗಳಿಗೆ ಸಮುದ್ರದ ಪ್ರಾಣಿಗಳನ್ನು ತೋರಿಸಿಕೊಂಡು ಬಂದೆ. ನಾನೇ ತೋರಿಸಿದೆ ಅಂತ ಬೀದಿಯವರಿಗೆಲ್ಲ ಹೇಳಿದ್ದೇನೆ. ನಿಜ ಹೇಳಬೇಕೆಂದರೆ ಎರಡನೇ ಕ್ಲಾಸಿನ ಆ ಚೋಟುದ್ದದ ಹುಡುಗಿಯೇ ನನ್ನ ಕೈ ಬಿಡದೆ ಗಾಜಿನ ಸುರಂಗದೊಳಗೆ ನಡೆಸಿದ್ದು. ತಲೆಯ ಮೇಲೆ ನೀರು, ಅಕ್ಕಪಕ್ಕ ನೀರು, ಮೊರದಗಲದ ಮೀನುಗಳು ನೆತ್ತಿಯ ಮೇಲೆಯೇ ಈಜುತ್ತಿವೆ. ನಾನು ಸೆರಗನ್ನು ತಲೆಗೆ ಹೊದ್ದುಕೊಂಡೇ ನಡೆದೆ, ಎಲ್ಲಿ ಸೋರುತ್ತದೋ ಅಂತ.

ಒಂದು ಕಡೆ ದೊಡ್ಡದೊಂದು ಆಮೆ ಗಾಜಿಗೆ ಮೂತಿ ಒತ್ತಿಕೊಂಡು ನಿಂತಿತ್ತು. ಸಮವಸ್ತ್ರ ಹಾಕಿದ ಯುವಕನೊಬ್ಬ ಅದರ ತೂಕ, ವಯಸ್ಸು ಎಲ್ಲ ಹೇಳಿ, "ಯಾರಿಗಾದರೂ ಪ್ರಶ್ನೆ ಇದೆಯಾ?" ಅಂದ. ನಮ್ಮ ಹುಡುಗಿ ಸ್ಕೂಲಿನಲ್ಲಿ ಎತ್ತುವ ಹಾಗೆ ಬೆರಳೆತ್ತಿದಳು.

"ಅಂಕಲ್, ಇದರ ಅಮ್ಮನ ಮನೆ ಎಲ್ಲಿ? ಯಾವಾಗ ಕಳಿಸ್ತೀರಾ?"

ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಒಳಗಿನ ಮೀನಿಗೂ ಅವನಿಗೂ ವ್ಯತ್ಯಾಸವೇ ಇರಲಿಲ್ಲ. ನಾನು ಮಗುವನ್ನು ಅಲ್ಲೇ ಎತ್ತಿಕೊಂಡುಬಿಟ್ಟೆ. ಸೊಂಟ ಹಿಡಿದುಕೊಂಡಿತು, ಹಿಡಿದುಕೊಳ್ಳಲಿ! ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಹೇಳಿದೆ, ಕಂಡಕ್ಟರನಿಗೆ ಹೇಳಿದೆ, ಬೆಳಿಗ್ಗೆ ಹಾಲಿನವನನ್ನು ನಿಲ್ಲಿಸಿಕೊಂಡು ಹೇಳಿದೆ. ಆದರೂ ಸಂತೋಷ ಖಾಲಿಯಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಕಳೆ ಕೀಳುವ ಕಾಲ ಬಿಟ್ಟು. ತಪ್ಪಿದ್ದರೆ ನೀವೇ ಸರಿಮಾಡಿಕೊಂಡು ಓದಿ.

ಯಾಕೆ ಇಷ್ಟು ಸಂತೋಷ ಅಂದರೆ, ಈ ಪ್ರಶ್ನೆ ನಮ್ಮ ಮನೆಯದೇ. ಆ ಮಗುವಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಅವಳ ಮುತ್ತಜ್ಜಿ, ಅಂದರೆ ನಮ್ಮತ್ತೆ, ಐವತ್ತು ಅರವತ್ತು ವರ್ಷಗಳ ಹಿಂದೆ ಹೊಳೆನರಸೀಪುರದಲ್ಲಿ ಇದನ್ನೇ ಕೇಳಿ ಒಂದು ಸಮುದ್ರ ಪ್ರದರ್ಶನವನ್ನೇ ಎತ್ತಿಸಿಬಿಟ್ಟಿದ್ದರು.

ಆಗ ನಾನು ಮದುವೆಯಾಗಿ ಎರಡನೇ ವರ್ಷ. ನನ್ನ ತವರು ಅರಕಲಗೂಡು. ಬಸ್ಸು ಹತ್ತಿದರೆ ಒಂದು ಹೊತ್ತಿನ ದಾರಿ, ಆದರೆ ಹತ್ತಲು ನಮ್ಮತ್ತೆ ಬಿಡಬೇಕಲ್ಲ! ನಾಟಿ ಮುಗಿಯಲಿ ಅಂದರು, ಮುಗಿಯಿತು. ಎಮ್ಮೆ ಈಯಲಿ ಅಂದರು, ಈಯಿತು. ನಮ್ಮಣ್ಣನಿಗೆ ಗಂಡು ಮಗುವಾಗಿ, ಅದಕ್ಕೆ ಹೆಸರಿಟ್ಟು, ಅದು ಮಗುಚಿಕೊಳ್ಳುವುದನ್ನು ಕಲಿತರೂ ನಾನು ಅದರ ಮುಖ ನೋಡಿರಲಿಲ್ಲ. ಗೌರಿ ಹಬ್ಬಕ್ಕೆ ಕರೆಯಲು ಅಣ್ಣನೇ ಬಂದ. ನಮ್ಮತ್ತೆ ಅವನಿಗೆ ಹೊಟ್ಟೆ ತುಂಬ ಕಡುಬು ಬಡಿಸಿ, "ಈ ಎಮ್ಮೆ ನಿನ್ ತಂಗಿ ಕೈಗೇ ಒಗ್ಗೋಗದೆ ಕಣಪ್ಪ. ಬ್ಯಾರೆಯೋರು ಹತ್ರ ಓದ್ರೆ ಒದೀತದೆ. ದೀಪಾವಳಿಗೆ ನೋಡನ" ಅಂದು ಕಳಿಸಿದರು. ನಾನು ಕೊಟ್ಟಿಗೆಗೆ ಹೋಗಿ ಆ ಎಮ್ಮೆಗೆ ಬಾಯಿಗೆ ಬಂದಂತೆ ಬೈದೆ. ಅದು ಮೆಲುಕು ಹಾಕಿಕೊಂಡು ಕೇಳಿಸಿಕೊಂಡಿತು.

ಅದೇ ವಾರ ಊರಿಗೆ ಆಮೆ ಬಂತು.

ಕರಾವಳಿಯವನೊಬ್ಬ ಮುಚ್ಚಿಹೋಗಿದ್ದ ಅಕ್ಕಿ ಗಿರಣಿಯ ಶೆಡ್ಡನ್ನು ಬಾಡಿಗೆಗೆ ಹಿಡಿದು, ಬಾಗಿಲಿಗೆ ನೀಲಿ ಬಟ್ಟೆ ಕಟ್ಟಿ, "ಬನ್ನಿ, ಸಮುದ್ರ ನೋಡಿ" ಅಂತ ಬೋರ್ಡು ಹಾಕಿದ್ದ. ಒಳಗೆ ಒಂದಿಷ್ಟು ಶಂಖ, ಚಿಪ್ಪು, ಗರಗಸದಂಥ ಒಂದು ಮೀನಿನ ಮೂತಿ. ನಡುವೆ ಅವನ ಬಲೆಗೆ ಸಿಕ್ಕ ಜೀವಂತ ಕಡಲಾಮೆ. ಅವನ ತಗಡಿನ ತೊಟ್ಟಿ ದಾರಿಯಲ್ಲೇ ತೂತಾಗಿದ್ದರಿಂದ ಯಾರದೋ ಆಲೆಮನೆಯಿಂದ ಬೆಲ್ಲ ಕಾಯಿಸುವ ಕೊಪ್ಪರಿಗೆ ತಂದು ಅದರಲ್ಲಿ ಬಿಟ್ಟಿದ್ದ. ಆಮೆ ಉದ್ದಕ್ಕೆ ಇತ್ತು, ಕೊಪ್ಪರಿಗೆ ದುಂಡಗೆ ಇತ್ತು. ಪಾಪ, ಅದಕ್ಕೆ ತಿರುಗಿ ನಿಲ್ಲಲೂ ಜಾಗವಿರಲಿಲ್ಲ.

ನಮ್ಮತ್ತೆ, ನಾನು, ಎದುರು ಮನೆಯ ಅಜ್ಜಿ ಮೂವರೂ ನೋಡಲು ಹೋದೆವು. ಎದುರು ಮನೆ ಅಜ್ಜಿಗೂ ನಮ್ಮತ್ತೆಗೂ ಜೀವದ ಸ್ನೇಹ. ದಿನಕ್ಕೊಂದು ಸಲ ಜಗಳವಾಡದಿದ್ದರೆ ಇಬ್ಬರಿಗೂ ಅನ್ನ ಸೇರುತ್ತಿರಲಿಲ್ಲ. ಪ್ರದರ್ಶನದವನು ಬೆತ್ತ ಹಿಡಿದು ಶುರುಮಾಡಿದ: "ನೋಡಿ ಅಮ್ಮ, ಇದು ಆಳ ಸಮುದ್ರದ ಆಮೆ. ನೂರಾರು ವರ್ಷ ಬದುಕುವಂಥದ್ದು..."

ನಮ್ಮತ್ತೆ ಕೊಪ್ಪರಿಗೆಗೆ ಬೆರಳದ್ದಿ ಮೂಸಿದರು. ಕೊಟ್ಟಿಗೆಯ ಕಲಗಚ್ಚನ್ನೂ ಹಾಗೆ ಮೂಸಿಯೇ ಎಮ್ಮೆಯ ಮುಂದಿಡುತ್ತಿದ್ದವರು ಅವರು.

"ಅದಿರ್ಲಿ. ಈ ನೀರು ಎಂದು ತುಂಬಿದ್ದು?"

"ಎಂತ ಅಮ್ಮ?"

"ನೀರು ಕಣಪ್ಪ ನೀರು! ನಾತ ಒಡೀತದೆ. ಪಕ್ಕದಾಗೆ ಏಮಾವತಿ ಒಳೆ ಅರೀತಾವ್ಳೆ, ನಾಲ್ಕ್ ಕೊಡ ತಂದ್ ಉಯ್ಯಕ್ಕೇನ್ ದಾಡಿ ನಿಂಗೆ?"

"ಹಾಸನದಲ್ಲಿ, ಚನ್ನರಾಯಪಟ್ಟಣದಲ್ಲಿ ಯಾರೂ ಹೀಗೆ ಕೇಳಲಿಲ್ಲ ಮಾರಾಯ್ರೆ!"

"ಪಟ್ನದೋರು ಬಿಡು. ನಲ್ಲಿ ನೀರ್ ಕುಡಿಯೋರ್ಗೇನ್ ಗೊತ್ತು" ಅಂದರು ಎದುರು ಮನೆ ಅಜ್ಜಿ. ಚನ್ನರಾಯಪಟ್ಟಣದಲ್ಲಿ ಆಗ ನಲ್ಲಿ ಇತ್ತೋ ಇಲ್ಲವೋ ಅವರಿಗೇನು ಗೊತ್ತು, ಅಂದರು ಅಷ್ಟೇ.

ಅಷ್ಟರಲ್ಲಿ ಆಮೆ ತಲೆ ಮೇಲೆತ್ತಿತು. ಅದರ ಕಣ್ಣಿಂದ ಅಂಟಂಟಾದ ನೀರು ಇಳಿಯುತ್ತಿತ್ತು. ಕಡಲಾಮೆಯ ಕಣ್ಣು ಹಾಗೆ ಒಸರುತ್ತದೆ ಅಂತ ಈಗ ಗೊತ್ತು, ಗಾಜಿನ ಸುರಂಗದ ಯುವಕ ಹೇಳಿದ. ಆಗ ಯಾರಿಗೆ ಗೊತ್ತಿತ್ತು?

"ಅಯ್ಯೋ, ಅಳ್ತದೆ ಕಣ್ರವ್ವ!" ಅಂದರು ನಮ್ಮತ್ತೆ. "ಏನಪ್ಪಾ, ಊಟಕ್ಕೇನ್ ಕೊಟ್ಟಿದ್ದೀಯ ಇದ್ಕೆ?"

ಅವನು ಬೆತ್ತ ಕೆಳಗಿಟ್ಟ. ಅವನಿಗೂ ಅದೇ ಚಿಂತೆ ಅಂತ ಆಗ ತಿಳಿಯಿತು. "ಮೀನು ಕೊಟ್ಟೆ, ಸಿಗಡಿ ಕೊಟ್ಟೆ. ಘಾಟಿ ಹತ್ತಿದ ಮೇಲೆ ಇದು ಬಾಯಿಯೇ ತೆರೆಯುವುದಿಲ್ಲ ಅಮ್ಮ. ಹೀಗೇ ಆದರೆ ಉಳಿಯುವುದಿಲ್ಲ."

ಅಲ್ಲಿಗೆ ಪ್ರದರ್ಶನ ಮುಗಿಯಿತು ಅಂತಲೇ ತಿಳಿಯಿರಿ. ನಮ್ಮತ್ತೆ ದಾರಿಯುದ್ದಕ್ಕೂ ಹೇಳಿಕೊಂಡು ಬಂದರು: ಗಿರಣಿಯಲ್ಲಿ ಒಂದು ಹೆಣ್ಣು ಜೀವ ಅನ್ನ ನೀರು ಬಿಟ್ಟು ಅಳುತ್ತಾ ಕೂತಿದೆ. ಅದು ಹೆಣ್ಣು ಅಂತ ಅವರಿಗೆ ಯಾರು ಹೇಳಿದರೋ! ಮಾರನೆಯ ದಿನದಿಂದ ಹೆಂಗಸರು ಸಾಲು ಸಾಲಾಗಿ ಬಂದರು. ಎಳನೀರು ತಂದರು, ಬಾಳೆಹಣ್ಣು ತಂದರು, ಒಬ್ಬಳು ಬನ್ನು ತಂದಳು. ಬಾಗಿಲಲ್ಲಿ ಅವನು ಟಿಕೆಟ್ ಕೇಳಿದರೆ, "ನೋಡಕ್ ಬಂದಿಲ್ಲ ಕಣಪ್ಪ, ವಿಚಾರಿಸ್ಕೊಂಡ್ ಓಗಕ್ ಬಂದಿರೋದು" ಅನ್ನುತ್ತಿದ್ದರು. ಮಲಗಿದವರನ್ನು ವಿಚಾರಿಸಿಕೊಂಡು ಹೋಗಲು ಬಂದವರ ಹತ್ತಿರ ಟಿಕೆಟ್ ಕೇಳುವುದು ನಮ್ಮ ಕಡೆ ಎಲ್ಲಾದರೂ ಉಂಟೇ? ಬಂದವರು ಸುಮ್ಮನೆ ಹೋಗುತ್ತಿರಲಿಲ್ಲ. ಒಬ್ಬರು ಗಾಳಿ ಸಾಲದು ಅಂತ ನೀಲಿ ಬಟ್ಟೆ ಬಿಚ್ಚಿದರು. ಇನ್ನೊಬ್ಬರು ಗಾಳಿ ಬಡಿಯುತ್ತದೆ ಅಂತ ಕಟ್ಟಿದರು. ದೃಷ್ಟಿ ತೆಗೆದವರೊಬ್ಬರು ಮೆಣಸಿನಕಾಯಿ ಸುಟ್ಟು ಅಲ್ಲಿದ್ದವರನ್ನೆಲ್ಲ ಕೆಮ್ಮಿಸಿದರು. ಪ್ರದರ್ಶನದವನ ಕೈಯಲ್ಲಿ ಆಗ ಬೆತ್ತವಿಲ್ಲ, ಕೊಡ! ನಮ್ಮೆಜಮಾನರೂ ಹೊಳೆಯಿಂದ ಒಂದು ಕಾವಡಿ ನೀರು ಹೊತ್ತರು.

ನೀರು ಬದಲಾದರೂ ಆಮೆ ತಿನ್ನಲಿಲ್ಲ. ಸಮುದ್ರದ ನೀರು ಉಪ್ಪಲ್ಲವೇ, ಇದು ಸಪ್ಪೆ, ಅದಕ್ಕೇ ಇರಬೇಕು ಅಂತ ಅವನು ಒಂದು ಮಾತು ಆಡಿದ. ಆಡಬಾರದಿತ್ತು. ಮೈಮೇಲೆ ನರಹುಲಿ ಎದ್ದರೆ ದೇವಸ್ಥಾನದ ಕೊಳಕ್ಕೆ ಉಪ್ಪು ಮೆಣಸು ಹಾಕುವುದು ನಮ್ಮಲ್ಲಿ ವಾಡಿಕೆ. ಉಪ್ಪು ಕರಗಿದ ಹಾಗೆ ನರಹುಲಿ ಕರಗುತ್ತದೆ ಅಂತ ನಂಬಿಕೆ. ಆಮೆಯೋ, ವಿಷ್ಣುವಿನ ಅವತಾರ, ಅದರ ನೀರಿಗೆ ಉಪ್ಪು ಬೇರೆ ಬೇಕಂತೆ! ಊರಿನ ನರಹುಲಿಗಳೆಲ್ಲ ಗಿರಣಿಗೆ ಬಂದುವು. ಒಬ್ಬರು ಉಪ್ಪಿನ ಜೊತೆ ಕಾಳುಮೆಣಸು, ಇನ್ನೊಬ್ಬರು ಬೆಲ್ಲದ ಅಚ್ಚು, ಮತ್ತೊಬ್ಬರು ಅರಿಸಿನ. ಸಂಜೆ ನಾವು ಹೋಗಿ ನೋಡುತ್ತೇವೆ, ಕೊಪ್ಪರಿಗೆಯಲ್ಲಿ ಸಾರು!

"ಒಗ್ಗರಣೆ ಒಂದ್ ಬಾಕಿ" ಅಂದರು ಎದುರು ಮನೆ ಅಜ್ಜಿ.

ಪ್ರದರ್ಶನದವನು ನೆಲದ ಮೇಲೆ ಕೂತುಬಿಟ್ಟಿದ್ದ. "ನನ್ನಿಂದಾಗುವುದಿಲ್ಲ ಅಮ್ಮ. ಇದು ಇಲ್ಲಿ ಸತ್ತರೆ ನಿಮ್ಮ ಊರವರು ನನ್ನನ್ನು ಬಿಡುವುದಿಲ್ಲ. ಮಾರಿ ಹೋಗುವ ಅಂದರೆ ಮನಸ್ಸು ಬರುವುದಿಲ್ಲ. ನಾನು ಎಂತ ಮಾಡುವುದು, ನೀವೇ ಹೇಳಿ."

ನಮ್ಮತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡರು. ಗಿರಣಿ ತುಂಬ ಜನ. ಅವರು ಮಾತಾಡಿದರೆ ಗಿರಣಿ ಮತ್ತೆ ಶುರುವಾದ ಹಾಗೆ ಕೇಳುತ್ತಿತ್ತು.

"ಇನ್ನೇನ್ ಮಾಡೋದು? ಕರ್ಕೊಂಡೋಗಿ ತವರ್ಗೆ ಬಿಡಪ್ಪ. ಅದ್ಕೆ ಸಮುದ್ರನೇ ಅವ್ವ. ಎಷ್ಟ್ ಉಪ್ಪಾಕಿದ್ರೇನು, ಅವ್ವನ್ ಮನೆ ನೀರಾಗ್ತದಾ? ಎತ್ತವ್ವನ್ ಮುಖ ತೋರಿಸ್ದೆ ಕೂಡಾಕೊಂಡ್ರೆ ಯಾವ್ ಜೀವ ತಾನೇ ಉಂಡಾತು? ನಿಂಗೆ ಕರುಳಿಲ್ವಾ?"

ಎಲ್ಲರೂ ಹೌದು ಹೌದು ಅಂದರು. ನಾನು ಮೂಲೆಯಲ್ಲಿ ಕಂಬ ಹಿಡಿದುಕೊಂಡು ನಿಂತಿದ್ದೆ. ನನಗೆ ಗೊತ್ತಿಲ್ಲದೆಯೇ ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು. ಎದುರು ಮನೆ ಅಜ್ಜಿ ಒಮ್ಮೆ ಆಮೆಯ ಕಣ್ಣು ನೋಡಿದರು, ಒಮ್ಮೆ ನನ್ನ ಕಣ್ಣು ನೋಡಿದರು. ಆಮೇಲೆ ಎಲೆ ಅಡಿಕೆ ಉಗಿದು ಬಂದು, ಬಾಯಿ ಖಾಲಿ ಮಾಡಿಕೊಂಡೇ ಕೇಳಿದರು:

"ಅಲ್ಲ ಕಣೇ, ಆಮೆ ತವರ್ಗೆ ಓಗ್ಬೇಕು ಅಂತೀಯಲ್ಲ, ಸರಿ. ನಿನ್ ಸೊಸೆ ಯಾವಾಗ್ ಓಗೋದು?"

ನಾನು ಕಂಬದ ಹಿಂದಕ್ಕೆ ಸರಿದೆ. ಆದರೆ ಅದು ಸಣ್ಣ ಕಂಬ, ನಾನು ಎರಡೂ ಕಡೆ ಕಾಣುತ್ತಿದ್ದೆ.

"ಅವ್ಳಿಗೇನಾಗದೆ? ಚೆನ್ನಾಗ್ ಉಣ್ತಾವ್ಳೆ" ಅಂದರು ನಮ್ಮತ್ತೆ.

"ಅದೊಂದೇ ವ್ಯತ್ಯಾಸ ನೋಡು" ಅಂದರು ಅಜ್ಜಿ.

ಜನ ನಕ್ಕರೇ! ನಮ್ಮೆಜಮಾನರು ನಗು ತಡೆಯಲಾಗದೆ ಕಾವಡಿ ಸಮೇತ ಹೊರಗೆ ಓಡಿದರು. ನಮ್ಮತ್ತೆ ಯಾರ ಮುಖವನ್ನೂ ನೋಡದೆ ದಡದಡ ಮನೆಗೆ ನಡೆದರು. ಅವತ್ತು ಅಡುಗೆ ಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ನನಗೋ ಹೆದರಿಕೆ. ಆಮೆಯ ದಾರಿ ತೆರೆಯಿತು, ನನ್ನದು ಇನ್ನು ದೀಪಾವಳಿಗೂ ಇಲ್ಲ ಅಂದುಕೊಂಡೆ.

ಆಲೂಗೆಡ್ಡೆ ತುಂಬಿದ ಲಾರಿಯೊಂದು ಮರುದಿನ ಅರಕಲಗೂಡಿನ ಮೇಲೆ ಹಾಯ್ದು ಕೊಡಗಿನ ಕಡೆಯಿಂದ ಘಾಟಿ ಇಳಿಯುವುದಿತ್ತು. ಪ್ರದರ್ಶನದವನು ಅದರಲ್ಲಿ ಜಾಗ ಗೊತ್ತು ಮಾಡಿಕೊಂಡ. ಬೆಳಿಗ್ಗೆ ನಮ್ಮತ್ತೆ ಎಮ್ಮೆಯ ಹಾಲನ್ನು ತಾವೇ ಕರೆದು, ಕೈ ತೊಳೆದುಕೊಂಡು ಬಂದು, "ಸೀರೆ ಬದಲಾಯಿಸ್ಕೋ" ಅಂದರು.

"ಯಾಕತ್ತೆ?"

"ಯಾಕೆ ಅಂದ್ರೆ? ಆ ಗಂಡ್ಸು ದಾರೀಲಿ ನಿದ್ದೆ ಒಡದ್ರೆ ಆಮೆ ಮೇಲ್ ನೀರ್ ಚಿಮುಕ್ಸೋರ್ ಯಾರು? ಅರಕಲಗೂಡ್ಗಂಟ ನೀನು, ನಿನ್ ಗಂಡ ಜೊತೇಲಿ ಓಗಿ. ಅಲ್ಲಿ ನಿಮ್ಮಪ್ಪನ್ ಮನೇಲಿ ಒಳ್ಳೆ ಬಾವಿ ಅದೆ. ನೀರ್ ಬದಲಾಯ್ಸಿ ಮುಂದಕ್ ಕಳಿಸು. ಹಂಗೇ ವಸಿ ದಿನ ಇದ್ದು ಬಾ. ನಿನ್ನೇನ್ ತವರ್ಗೆ ಕಳಿಸ್ತಿಲ್ಲ ಕಣ. ಆಮೆ ಜೊತೆಗ್ ಕಳಿಸ್ತಿದೀನಿ. ಆ ಮುದ್ಕಿ ಕೇಳಿದ್ರೆ ಹಂಗೇ ಹೇಳು."

ನಾನು ಸೀರೆ ಉಟ್ಟಿದ್ದು ನೆನಪಿಲ್ಲ. ಲಾರಿಯ ಹತ್ತಿರ ಇದ್ದೆ, ಅಷ್ಟೇ.

ಕೊಪ್ಪರಿಗೆಗೆ ಮತ್ತೆ ಹೊಳೆಯ ನೀರು ತುಂಬಿ, ಒದ್ದೆ ಗೋಣಿ ಹೊದಿಸಿ ಆಲೂಗೆಡ್ಡೆ ಮೂಟೆಗಳ ನಡುವೆ ಇಟ್ಟಿದ್ದರು. ಗೌರಿಯನ್ನು ನೀರಿಗೆ ಬಿಡುವ ಮೊದಲು ಮಡಿಲು ತುಂಬಿ ಕಳಿಸುತ್ತೇವಲ್ಲ, ಹಾಗೆ ಆಮೆಯ ಮಡಿಲೂ ತುಂಬಬೇಕು ಅಂತ ನಮ್ಮತ್ತೆ ಮೊರ ಹಿಡಿದು ಲಾರಿ ಹತ್ತಿದರು. ಅಕ್ಕಿ, ಕೊಬ್ಬರಿ, ಬೆಲ್ಲ, ಕುಪ್ಪಸದ ಕಣ, ಕಟ್ಟು ವೀಳ್ಯದೆಲೆ.

"ಆಮೆಗೆ ಮಡಿಲು ಎಲ್ಲಿರುತ್ತದೆ ಅಮ್ಮ?" ಅಂದ ಪ್ರದರ್ಶನದವನು.

ಅದನ್ನು ಯಾರೂ ಯೋಚಿಸಿರಲಿಲ್ಲ. ನಮ್ಮತ್ತೆ ಚಿಪ್ಪಿನ ಮೇಲೆ ಇಟ್ಟರು. ಅಕ್ಕಿ ಜಾರಿತು, ಕೊಬ್ಬರಿ ಉರುಳಿತು, ಕುಪ್ಪಸದ ಕಣ ತೇಲಿತು. ವೀಳ್ಯದೆಲೆ ಮಾತ್ರ ತೇಲಿಕೊಂಡು ಆಮೆಯ ಮೂತಿಯ ಹತ್ತಿರ ಹೋಯಿತು. ಆಮೆ ಅದನ್ನು ನೋಡಿತು. ಬಾಯಿ ತೆರೆಯಿತು. ಕಚಕ್ಕನೆ ಕಚ್ಚಿ ನುಂಗಿತು. ಇನ್ನೊಂದು ನುಂಗಿತು.

"ತಿಂತು! ತಿಂತು ಕಣ್ರೋ!" ಕೂಗಿದವರು ಯಾರು ಅಂತ ಕೇಳಬೇಡಿ, ಎಲ್ಲರೂ. ಪ್ರದರ್ಶನದವನು ಅತ್ತೇಬಿಟ್ಟ. ಅಷ್ಟು ದಿನ ಅವನು ಮೀನು ಕೊಟ್ಟದ್ದು, ಅದಕ್ಕೆ ಬೇಕಿದ್ದದ್ದು ಸೊಪ್ಪೋ ಏನೋ. ನಮ್ಮತ್ತೆ ಮಾತ್ರ ಅದನ್ನು ಒಪ್ಪಲಿಲ್ಲ.

"ಸೊಪ್ಪಲ್ಲ ಕಣಪ್ಪ. ಲಾರಿ ಹತ್ತಿದ್ದು ತಿಳೀತು ಅದ್ಕೆ. ತವರ್ಗೆ ಹೊಂಟೋಳ್ಗೆ ಹಸಿವಾಗ್ದೆ ಇರ್ತದಾ?" ಅಂದು ನನ್ನ ಸೆರಗಿಗೆ ಉಳಿದ ಅಕ್ಕಿ ಕೊಬ್ಬರಿ ಸುರಿದರು. ಎದುರು ಮನೆ ಅಜ್ಜಿ ಕೆಳಗೆ ನಿಂತು ನನ್ನತ್ತ ಕಣ್ಣು ಮಿಟುಕಿಸಿದರು. ಆ ಕೊಬ್ಬರಿಯನ್ನು ನಾನು ಊರಾಚೆ ಸೇತುವೆ ದಾಟುವ ಮೊದಲೇ ತಿಂದು ಮುಗಿಸಿದೆ.

ಅರಕಲಗೂಡಿನಲ್ಲಿ ನಮ್ಮಪ್ಪನ ಬಾವಿಯ ನೀರು ತುಂಬಿಸಿ, ಬಸಳೆ ಬಳ್ಳಿಯನ್ನೇ ಕಿತ್ತು ಹಾಕಿ ಆಮೆಯನ್ನು ಮುಂದಕ್ಕೆ ಕಳಿಸಿದೆವು. ನಮ್ಮಣ್ಣನ ಮಗು ನನ್ನ ತೊಡೆಯ ಮೇಲೆ ಕೂತು ಕೈ ಬೀಸಿತು. ಆ ಲಾರಿಯ ಡ್ರೈವರು ವಾಪಸು ಬರುವಾಗ ನಮ್ಮಪ್ಪನ ಮನೆಯಲ್ಲೂ, ಹೊಳೆನರಸೀಪುರದಲ್ಲೂ ಸುದ್ದಿ ಮುಟ್ಟಿಸಿದ: ಮರಳಿನ ಮೇಲೆ ಬಿಟ್ಟದ್ದೇ ತಡ, ಆಮೆ ತೆವಳಿಕೊಂಡು ಅಲೆಯೊಳಗೆ ಹೋಯಿತು, ಒಂದು ಸಲವೂ ತಿರುಗಿ ನೋಡಲಿಲ್ಲ.

ನಮ್ಮತ್ತೆಗೆ ಆ ಕೊನೆಯ ಮಾತು ನಾಟಿರಬೇಕು. ಮಾರನೆಯ ದಿನವೇ ಮೊದಲ ಬಸ್ಸಿಗೆ ಅರಕಲಗೂಡಿಗೆ ಬಂದಿಳಿದರು. ಮದುವೆಯಾದ ಮೇಲೆ ಅವರು ಒಬ್ಬರೇ ಬಸ್ಸು ಹತ್ತಿದ್ದು ಅದೇ ಮೊದಲಂತೆ. "ಎಮ್ಮೆ ಒದೀತದೆ ಕಣೇ" ಅಂದರು ಬಾಗಿಲಲ್ಲೇ. ನಮ್ಮವ್ವ ಗಾಬರಿಯಾಗಿ ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, ಒಬ್ಬಟ್ಟಿಗೆ ಕಡಲೆಬೇಳೆ ಬೇಯಲು ಇಟ್ಟಳು. ಒಬ್ಬಟ್ಟು ತಿಂದು ನಮ್ಮತ್ತೆ ಒಂದು ದಿನ ಉಳಿದರು, ಆಮೇಲೆ ಇನ್ನೊಂದು ದಿನ. ನಮ್ಮೆಜಮಾನರು ಎಮ್ಮೆಯ ಒದೆ ತಿನ್ನಲು ಒಬ್ಬರೇ ವಾಪಸಾದರು. ಕಡೆಗೆ ನಾನೇ "ಹೊರಡೋಣ ಅತ್ತೆ" ಅನ್ನಬೇಕಾಯಿತು.

"ಇರ್ಲಿ ಇರೇ. ನಿಮ್ಮವ್ವನ್ ಕೈಯಡಿಗೆ ಚೆನ್ನಾಗದೆ" ಅಂದು ಬಚ್ಚಲು ಮನೆಗೆ ಹೋದವರು, ಹಂಡೆಗೆ ಬೆರಳದ್ದಿ ಮೂಸಿ ಅಲ್ಲಿಂದಲೇ ಕೂಗಿದರು:

"ಬೀಗಿತ್ರೇ, ಈ ನೀರು ಎಂದು ತುಂಬಿದ್ದು?"